ಸಂಘದಲ್ಲಿ ನಾಲ್ವರು, ನಗಿಸಿದವರು ಇಬ್ಬರು

ಹೋದ ತಿಂಗಳು ಹಂಪಿಯಲ್ಲಿ ಇಂಗ್ಲೆಂಡಿನ ಅಜ್ಜನೊಬ್ಬ ನನಗೆ ಗಂಟುಬಿದ್ದ. ಚಾ ಗಾಡಿಯ ಹತ್ತಿರ ಮಾತಿಗೆ ಮಾತು ಬೆಳೆದು, ನಾನು ಸಿನಿಮಾ ಪತ್ರಿಕೆಗೆ ಬರೆಯುವವನೆಂದು ಗೊತ್ತಾದದ್ದೇ ತಡ, ತನ್ನ ನಾಡಿನ ನಗೆಗಾರರ ಪುರಾಣ ತೆಗೆದ. ನನ್ನದು ಪಿಯುಸಿ ಅರ್ಧಕ್ಕೇ ಬಿಟ್ಟವನ ಇಂಗ್ಲಿಷು! ಆದರೂ ಕಥೆ ತಿಳಿಯಿತು.

‘ಮಾಂಟಿ ಪೈಥಾನ್’ ಅಂತ ಆರು ಜನರ ತಂಡ. 1969ರ ಅಕ್ಟೋಬರ್ 5ರಂದು ಟಿ.ವಿ.ಯಲ್ಲಿ ಮೊದಲ ಸಲ ಕಾಣಿಸಿಕೊಂಡಿತು. ಅದಕ್ಕೆ 20 ವರ್ಷ ತುಂಬಲು ಒಂದೇ ದಿನ ಬಾಕಿ ಇರುವಾಗ ಗ್ರಹಾಂ ಚಾಪ್‌ಮನ್ ತೀರಿಕೊಂಡರು. ಉಳಿದ ಐವರು 2014ರಲ್ಲಿ ಲಂಡನ್ನಿನಲ್ಲಿ ಮತ್ತೆ ಒಂದಾಗಿ 10 ಪ್ರದರ್ಶನ ಕೊಟ್ಟರು. 2020ರಲ್ಲಿ ಟೆರ್ರಿ ಜೋನ್ಸ್ ಕೂಡ ಹೋದರು. ಅಜ್ಜ ಇಷ್ಟು ಹೇಳಿ ಸುಮ್ಮನಾದ. ಕಣ್ಣಲ್ಲಿ ನೀರು.

ಹೊಸಪೇಟೆ ಬಸ್ಸು ಹತ್ತಿದ ಮೇಲೆ ನನಗೆ ಹೊಳೆಯಿತು. ಅಲ್ಲಾ, ನಮ್ಮಲ್ಲೂ ಇದ್ದರಲ್ಲ ನಾಲ್ವರು!

‘ಕನ್ನಡ ಕಲಾವಿದರ ಸಂಘ.’ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್. ನಾಲ್ವರೂ ನಾಟಕ ಕಂಪನಿಯ ಅನ್ನ ಉಂಡವರು. ಬಾಲಣ್ಣ, ಅಯ್ಯರ್ ಇಬ್ಬರೂ 1943ರ ‘ರಾಧಾರಮಣ’ದಲ್ಲೇ ತೆರೆಗೆ ಬಂದಿದ್ದರು. ಅಣ್ಣಾವ್ರು ನಾಯಕರಾಗಿ, ನರಸಿಂಹರಾಜು ನಗೆಗಾರರಾಗಿ ಬಂದದ್ದು 1954ರ ‘ಬೇಡರ ಕಣ್ಣಪ್ಪ’ದಲ್ಲಿ. ಕನ್ನಡ ಚಿತ್ರಗಳೇ ಕಡಿಮೆ ಇದ್ದ ಕಾಲ. ಕೈಯಲ್ಲಿ ಕೆಲಸವಿಲ್ಲದಾಗ ನಾಲ್ವರೂ ಸೇರಿ ಊರೂರಿಗೆ ನಾಟಕ ಒಯ್ದರು. ಆಮೇಲೆ ಧೈರ್ಯ ಮಾಡಿ 1960ರಲ್ಲಿ ‘ರಣಧೀರ ಕಂಠೀರವ’ ತೆಗೆದರು.

ಮುಂದೆ? ನಾಲ್ವರದೂ ನಾಲ್ಕು ದಾರಿ. ಅಣ್ಣಾವ್ರ ಕಥೆ ನಿಮಗೆ ನಾನು ಹೇಳಬೇಕೇ? ನಮ್ಮ ಹೊಸಪೇಟೆಯಲ್ಲಿ ಅವರ ಮಗ ಅಪ್ಪುವಿನ ಪ್ರತಿಮೆಯೇ 2022ರಲ್ಲಿ ಎದ್ದು ನಿಂತಿದೆ. ಅಯ್ಯರ್ ಬರಿಗಾಲಲ್ಲಿ ನಡೆಯುತ್ತಾ ‘ಹಂಸಗೀತೆ’ ಮಾಡಿದರು. 1983ರಲ್ಲಿ ‘ಆದಿ ಶಂಕರಾಚಾರ್ಯ’ ತೆಗೆದು ಸಂಸ್ಕೃತದಲ್ಲಿ ಮೊಟ್ಟಮೊದಲ ಚಿತ್ರ ಕೊಟ್ಟು ರಾಷ್ಟ್ರಪ್ರಶಸ್ತಿ ತಂದರು. ಉಳಿದವರು ನಗಿಸುವ ಇಬ್ಬರು. ಅವರ ಕೊನೆಗಾಲದ ಲೆಕ್ಕ ಯಾರಿಟ್ಟಿದ್ದಾರೆ?

ಈ ಪ್ರಶ್ನೆ ಹೊತ್ತು ಕಂಪ್ಲಿಗೆ ಹೋದೆ, ನಮ್ಮ ದೊಡ್ಡಪ್ಪನ ಹತ್ತಿರ. ಹರೆಯದಲ್ಲಿ ಆತ ಟೂರಿಂಗ್ ಟಾಕೀಸಿನ ಆಳು. ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ರೀಲು ಡಬ್ಬಿ ಇಳಿಸಿಕೊಂಡು ಕಂಪ್ಲಿ ಬಸ್ಸಿನ ಟಾಪಿಗೆ ಏರಿಸುತ್ತಿದ್ದವ. ಟೆಂಟು ಕಿತ್ತುಹೋದ ಮೇಲೆ ಸಂಡೂರು ಕಡೆ ಅದಿರು ಪುಡಿ ಮಾಡುವ ಮಷೀನಿನ ಮುಂದೆ ನಿಂತ. ಆ ಸದ್ದು ಎರಡೂ ಕಿವಿ ತಿಂದುಹಾಕಿತು. ಈಗ ನಾಲ್ಕು ವರ್ಷದಿಂದ ಮದುವೆ ಇಲ್ಲ, ಜಾತ್ರೆ ಇಲ್ಲ. ಒಂದು ಕೇಳಿದರೆ ಇನ್ನೊಂದು ಹೇಳುತ್ತಾನೆಂದು ಜನ ನಕ್ಕರು, ಅವತ್ತಿನಿಂದ ಹೊಸ್ತಿಲು ದಾಟಿಲ್ಲ.

ಫೋನಿನಲ್ಲಿ ‘ರಣಧೀರ ಕಂಠೀರವ’ ಹಾಕಿ ಮುಂದಿಟ್ಟೆ. ಒಂದು ಮಾತೂ ಕೇಳಿಸದು. ಆದರೂ ನರಸಿಂಹರಾಜು ಉಬ್ಬುಹಲ್ಲು ತೋರಿಸಿ ಬಾಯಿ ತೆರೆಯುವ ಮೊದಲೇ ನಮ್ಮಾತ ನಗತೊಡಗಿದ! ಟೆಂಟಿನಲ್ಲಿ ಎಷ್ಟು ಸಲ ನೋಡಿದ್ದನೋ, ಮಾತೆಲ್ಲ ಬಾಯಿಪಾಠ.

“ನರಸಿಂಹರಾಜು ಡೇಟು ಸಿಕ್ಕ ಮ್ಯಾಲ ಹೀರೋ ಡೇಟು ಕೇಳ್ತಿದ್ರಂತ. ಅಂಥಾ ಮನಿಷ್ಯಾ ಆತ” ಅಂದ. ಅದು ಗಾಂಧಿನಗರದ ಹಳಬರೂ ಹೇಳುವ ಮಾತೇ. 1970ರಲ್ಲಿ ಪಂತುಲು ಅವರು ‘ಶ್ರೀ ಕೃಷ್ಣದೇವರಾಯ’ ತೆಗೆದಾಗ ಅಣ್ಣಾವ್ರು ನಮ್ಮ ಹಂಪಿಯ ರಾಯರಾದರೆ, ತೆನಾಲಿ ರಾಮಕೃಷ್ಣನಾದವರು ಇದೇ ನರಸಿಂಹರಾಜು. ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದ ಈ ಹಾಸ್ಯ ಚಕ್ರವರ್ತಿ 1979ರ ಜುಲೈನಲ್ಲಿ ಕಣ್ಮುಚ್ಚಿದರು. ಇನ್ನೂ ಅರವತ್ತೂ ಆಗಿರಲಿಲ್ಲ. ನಾಲ್ವರಲ್ಲಿ ಮೊದಲು ಎದ್ದು ಹೋದವರು ಅವರೇ.

ಆಮೇಲೆ ಹದಿನಾರು ವರ್ಷ ಬಾಲಣ್ಣ ಜೊತೆಗಾರನಿಲ್ಲದೆ ನಟಿಸಿದರು. ಕೆಂಗೇರಿ ಬಳಿ ಸರ್ಕಾರ ಕೊಟ್ಟ 20 ಎಕರೆಯಲ್ಲಿ ‘ಅಭಿಮಾನ್ ಸ್ಟುಡಿಯೋ’ ಕಟ್ಟಲು ಹೊರಟು, ದುಡಿದ ದುಡ್ಡನ್ನೆಲ್ಲ ಅದಕ್ಕೇ ಸುರಿದರು. ಮನಸ್ಸಿನಲ್ಲಿದ್ದ ಸ್ಟುಡಿಯೋ ನೆಲದ ಮೇಲೆ ಪೂರ್ತಿ ಏಳಲೇ ಇಲ್ಲ. 1995ರ ಜುಲೈನಲ್ಲಿ ಅವರೂ ಹೋದರು. 2009ರಲ್ಲಿ ವಿಷ್ಣುವರ್ಧನ್ ಅಂತ್ಯಕ್ರಿಯೆ ನಡೆದದ್ದು ಅಲ್ಲೇ; 2025ರ ಆಗಸ್ಟಿನಲ್ಲಿ ಆ ಸಮಾಧಿ ನೆಲಸಮವಾದಾಗ ಸ್ಟುಡಿಯೋ ಹೆಸರು ಮನೆಮನೆಗೂ ಮುಟ್ಟಿತು. ಕಟ್ಟಿದಾತ ಯಾರು ಅಂತ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಹುಡುಗರನ್ನು ಕೇಳಿದೆ. ಒಬ್ಬನೂ ಹೇಳಲಿಲ್ಲ.

ಇಷ್ಟನ್ನೂ ಚೀಟಿಯಲ್ಲಿ ಬರೆದು ಬರೆದು ದೊಡ್ಡಪ್ಪನಿಗೆ ತೋರಿಸಿದೆ. ಕೊನೆಗೆ ಇನ್ನೊಂದು ಚೀಟಿ ಕೊಟ್ಟೆ: “ಬಾಲಣ್ಣನಿಗೆ ಚಿಕ್ಕಂದಿನಿಂದಲೂ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ.”

ಆತ ಚೀಟಿಯನ್ನು ಎರಡು ಸಲ ಓದಿದ. “ಸುಳ್ಳು ಹೇಳಬ್ಯಾಡಲೇ” ಅಂದ. ನಾನು ತಲೆಯಲ್ಲಾಡಿಸಿದೆ. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು ಅಂತ ಕೈಸನ್ನೆ ಮಾಡಿ ತೋರಿಸಿದೆ.

ಬಹಳ ಹೊತ್ತು ಫೋನು ನೋಡುತ್ತಾ ಕೂತ. ಈ ಸಲ ನಗಲಿಲ್ಲ. ಬಾಲಣ್ಣನ ಕಣ್ಣು ಎಲ್ಲಿದೆ ಅಂತ ಹುಡುಕುತ್ತಿದ್ದ. “ನಾ ಇಷ್ಟು ವರ್ಷ ಬಾಲಣ್ಣನ ಬಾಯಿ ನೋಡೀನಿ. ಬಾಲಣ್ಣ ನೋಡಿದ್ರ ನರಸಿಂಹರಾಜುನ ಬಾಯಿ ನೋಡ್ತಿದ್ದ. ಅಂವ ಹೋದ ಮ್ಯಾಲ ಈತ ಯಾರ ಬಾಯಿ ನೋಡಬೇಕಪಾ?” ಅಂದ.

ನನ್ನಲ್ಲಿ ಉತ್ತರವಿರಲಿಲ್ಲ. ನಗೆಜೋಡಿಯಲ್ಲಿ ಒಬ್ಬ ಹೋದರೆ ಉಳಿದವನ ಪಾಡು ಏನು ಎಂಬುದು ಲಂಡನ್ನಿನವರಿಗೂ ಒಂದೇ, ಅರಸೀಕೆರೆಯ ಬಾಲಣ್ಣನಿಗೂ ಒಂದೇ. ಆದರೂ ಆತ ಕೊನೆಯವರೆಗೆ ಜನರ ನಡುವೆಯೇ ಇದ್ದರು. ಕಿವಿ ಕೇಳದು ಅಂತ ಮನೆಯಲ್ಲಿ ಕೂತಿದ್ದರೆ ‘ಬಂಗಾರದ ಮನುಷ್ಯ’ದ ರಾಚೂಟಪ್ಪ ನಮಗೆ ಎಲ್ಲಿ ಸಿಗುತ್ತಿದ್ದ?

ಸಂಡೂರಿನಲ್ಲಿ ಬರುವ ಸೋಮವಾರ ನಮ್ಮ ತಂಗಿಯ ನಿಶ್ಚಯ. ನಾನು ಕರೆಯಲಿಲ್ಲ. ಹೊರಡುವಾಗ ದೊಡ್ಡಪ್ಪನೇ ಬಾಗಿಲ ತನಕ ಬಂದು ಹೇಳಿದ: “ನನಗೊಂದು ಕುರ್ಚಿ ಮುಂದಿನ ಸಾಲಿನ್ಯಾಗ ಹಿಡದಿಡು. ತುಟಿ ಕಾಣಬೇಕು.”

ಹಿಡಿದಿಡುತ್ತೇನೆ. ನಿಮ್ಮ ಊರಿನಲ್ಲೂ ಹಳೆಯ ಟೆಂಟಿನ ಆಳುಗಳಿದ್ದರೆ ಒಂದು ಸಲ ಮಾತಾಡಿಸಿ ಬನ್ನಿ. ಮುಂದಿನ ವಾರ ಸಿಗೋಣ!