ಎಲೆ ಗಾಡಿ ಬಂದು ಹೋಯಿತಂತೆ! ಯಾರಿಗೆ ಹೇಳಿ ಬಂದಿತ್ತು ಸ್ವಾಮಿ?

ದಕ್ಷಿಣ ಬೆಂಗಳೂರಿನ ಕನ್ನಡದ ತಮ್ಮಂದಿರೇ, ತಂಗಿಯರೇ,

ಶಿಶಿರ ಬಂತೆಂದರೆ ನಮ್ಮ ಜಯನಗರ, ಬನಶಂಕರಿ, ಜೆ.ಪಿ. ನಗರದ ರಸ್ತೆಗಳಲ್ಲಿ ಕಾಲಿಟ್ಟ ಕಡೆಯೆಲ್ಲ ಚರಚರ ಸದ್ದು. ಜನವರಿಯಲ್ಲಿ ಶುರುವಾದ ಎಲೆ ಉದುರು ಯುಗಾದಿಯವರೆಗೂ ನಿಲ್ಲುವುದಿಲ್ಲ. ಕಾಡುಬಾದಾಮಿ ಕೆಂಪಾಗಿ ಉದುರುತ್ತದೆ. ಹೊಂಗೆ ನೋಡನೋಡುತ್ತ ಬೋಳಾಗಿ ಮತ್ತೆ ತಳತಳ ಚಿಗುರುತ್ತದೆ. ಅರಳಿ, ಮಳೆಮರ ಎಲ್ಲ ಒಂದರ ಹಿಂದೆ ಒಂದು. ಇದೇನು ದಿಢೀರನೆ ಬರುವ ನೆರೆಯೇ? ಭೂಕಂಪವೇ? ಅಜ್ಜನ ಕಾಲದ ಪಂಚಾಂಗದಲ್ಲೇ ಬರೆದಿಟ್ಟ ಋತು! ಪ್ರತಿ ವರ್ಷ ಹೇಳಿ ಕೇಳಿ ಬರುವ ಈ ಕಾಲಕ್ಕೆ ನಮ್ಮ ಪಾಲಿಕೆಯವರು ಮಾತ್ರ ಪ್ರತಿ ವರ್ಷ ಹೊಸದಾಗಿ ಬೆಚ್ಚಿ ಬೀಳುತ್ತಾರೆ.

ನಾನು ಬನಶಂಕರಿಯಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಓದಿದ್ದು ಪಿಯುಸಿ. ಅಪ್ಪ ಟ್ರೆಡಲ್ ಮೆಷಿನ್‌ನಲ್ಲಿ ಮೊಳೆ ಜೋಡಿಸಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದರು, ನಾನು ಆಫ್‌ಸೆಟ್ ಓಡಿಸುತ್ತೇನೆ. ಭಾಷಣ ಮಾಡುವ ಅಭ್ಯಾಸ ನನಗಿಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ತೀರ್ಮಾನಿಸಿ.

ಹನ್ನೊಂದು ದಿನ ಕಾದ ಚೀಲಗಳು

ನಮ್ಮ ಮನೆ ಮುಂದೆ ಎರಡು ಹೊಂಗೆ ಮರ. ಹೋದ ಶಿಶಿರದಲ್ಲಿ ನಮ್ಮಮ್ಮ ದಿನಾ ಬೆಳಿಗ್ಗೆ ಎಲೆ ಗುಡಿಸಿ ಸಿಮೆಂಟ್ ಚೀಲಕ್ಕೆ ತುಂಬಿಸಿಟ್ಟರು. ಕಸದ ಆಟೋದವನನ್ನು ಕೇಳಿದೆ. "ಎಲೆ ಹಾಕ್ಕೊಳಲ್ಲ ಸಾರ್, ಅದಕ್ಕೆ ಬೇರೆ ಗಾಡಿ ಬರ್ತದೆ" ಎಂದ. "ಯಾವಾಗ ಬರ್ತದಪ್ಪಾ?" ಎಂದರೆ, "ನಮಗೂ ಹೇಳಿಲ್ಲ ಸಾರ್" ಎಂದ. ಅವನ ತಪ್ಪಲ್ಲ, ಬಿಡಿ. ಚೀಲಗಳನ್ನು ಫುಟ್‌ಪಾತ್ ಮೇಲೆ ಒಟ್ಟಿದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಅಕ್ಕಪಕ್ಕದವರೂ ತಂದು ಒಟ್ಟಿದರು. ಒಂದು ದಿನವಾಯಿತು, ವಾರವಾಯಿತು, ಹತ್ತು ದಿನವಾಯಿತು. ಹನ್ನೊಂದನೇ ದಿನ ಬೆಳಗಿನ ಜಾವ ಯಾರೋ ಪುಣ್ಯಾತ್ಮರು ಕಡ್ಡಿ ಗೀರಿ ಹೋಗಿದ್ದರು!

ಒಣಗಿದ ಎಲೆ ಭಗ್ಗನೆ ಹತ್ತಿಕೊಂಡಿತು. ಒಳಗಿದ್ದ ಹಸಿ ಎಲೆ, ಚೀಲದ ಪ್ಲಾಸ್ಟಿಕ್ ಸೇರಿ ಹೊಗೆ ಮನೆಯೊಳಗೇ ನುಗ್ಗಿತು. ನಮ್ಮಮ್ಮನಿಗೆ ಮೊದಲೇ ಉಬ್ಬಸ. ಐದು ಗಂಟೆಗೆ ನೆಬುಲೈಜರ್ ಹಚ್ಚಿ ಕೂತವರು ಏಳು ಗಂಟೆಯಾದರೂ ಮಾತಾಡಲು ಆಗಲಿಲ್ಲ. ಎದುರು ಮನೆಯ ಪುಟ್ಟ ಮಗು ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡಿತು.

ನೇರ ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಅದೊಂದೇ ಹೀಗಿದೆ ಎಂದು ನೀವು ತಿಳಿಯಬಾರದು. ಅಲ್ಲಿದ್ದವರು ಹೇಳಿದ್ದೇನು ಗೊತ್ತೇ? "ನಿಮ್ಮ ಕಡೆ ಹೋದ ಮಂಗಳವಾರವೇ ಎಲೆ ಗಾಡಿ ಬಂದು ಹೋಯ್ತಲ್ಲ ಸಾರ್! ಮೆಸೇಜ್ ಹಾಕಿದ್ವಲ್ಲ, ನೀವು ಗ್ರೂಪ್‌ನಲ್ಲಿಲ್ವಾ?"

ಮೊಬೈಲ್ ತೆಗೆದು ತೋರಿಸಿದರು. ಅಸೋಸಿಯೇಷನ್ನುಗಳ ಸೆಕ್ರೆಟರಿಗಳಿಗೆಂದು ಮಾಡಿದ ವಾಟ್ಸಾಪ್ ಗುಂಪು. ನಾಲ್ಕು ಸಾಲು, ನಾಲ್ಕೂ ಇಂಗ್ಲಿಷ್! "ಹಾರ್ಟಿಕಲ್ಚರಲ್ ವೇಸ್ಟ್" ಎಂದರೆ ನಮ್ಮಮ್ಮ ಗುಡಿಸಿಟ್ಟ ತರಗೆಲೆ ಎಂದು ತಿಳಿಯಲು ನಾನೇ ಎರಡು ಸಲ ಓದಬೇಕಾಯಿತು. ಗಾಡಿ ಪಕ್ಕದ ರಸ್ತೆಗೆ ಬಂದಿದೆ. ಗುಂಪಿನಲ್ಲಿದ್ದವರು ಎಲೆ ಹಾಕಿದ್ದಾರೆ. ನಮ್ಮ ರಸ್ತೆಗೆ ಅಸೋಸಿಯೇಷನ್ ಇಲ್ಲ, ಹಾಗಾಗಿ ಹೊಗೆ ಬಂತು.

ನಿಮಗೆ ಬರುತ್ತದೆ, ನಿಮ್ಮಮ್ಮನಿಗೆ?

ತಮ್ಮಂದಿರೇ, ಇಲ್ಲಿ ನಿಮ್ಮನ್ನೇ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಇಂಗ್ಲಿಷ್ ಬರುತ್ತದೆ. ಆ ನಾಲ್ಕು ಸಾಲು ನಿಮ್ಮ ಕೈಗೆ ಬಂದರೆ ಓದಿ ಪಕ್ಕಕ್ಕೆ ತಳ್ಳುತ್ತೀರಿ. ಅದರಲ್ಲಿ ಕನ್ನಡ ಇಲ್ಲ ಎಂಬುದು ನಿಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ಆದರೆ ನಿಮ್ಮ ಮನೆಯಲ್ಲಿ ಎಲೆ ಗುಡಿಸುವವರು ಯಾರು? ನೀವೇ? ಅಲ್ಲ. ಅಮ್ಮ, ಅಜ್ಜಿ, ಮನೆಗೆಲಸಕ್ಕೆ ಬರುವ ಅಕ್ಕ, ಅಪಾರ್ಟ್‌ಮೆಂಟಿನ ವಾಚ್‌ಮನ್, ಮರದ ಕೆಳಗೆ ಇಸ್ತ್ರಿ ಪೆಟ್ಟಿಗೆ ಇಟ್ಟವನು, ಎಲ್ಲರಿಗಿಂತ ಮೊದಲು ಪೌರಕಾರ್ಮಿಕ ತಾಯಂದಿರು. ಸುದ್ದಿ ತಲುಪಬೇಕಾದದ್ದು ಇವರಿಗೆ. ತಲುಪುತ್ತಿರುವುದು ಪೊರಕೆ ಹಿಡಿಯದವರಿಗೆ!

ಕಾನೂನು ಇಲ್ಲವೇ? ಇದೆ!

1981ರಲ್ಲೇ ಸ್ಥಳೀಯ ಪ್ರಾಧಿಕಾರಗಳ ರಾಜಭಾಷೆಗೆಂದೇ ಕರ್ನಾಟಕದಲ್ಲಿ ಅಧಿನಿಯಮವಾಯಿತು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಅಂಗಡಿಯವನ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆನ್ನುತ್ತದೆ. ಇದಕ್ಕಾಗಿ 2023ರ ಡಿಸೆಂಬರಿನಲ್ಲಿ ನಮ್ಮ ಹುಡುಗರು ಬೀದಿಗಿಳಿದದ್ದು ಮರೆತಿಲ್ಲ ತಾನೇ? ಕಾಂಡಿಮೆಂಟ್ಸ್ ಅಂಗಡಿಯವನಿಗೆ ಅಳತೆಪಟ್ಟಿ ಹಿಡಿದು ನೋಟಿಸು ಕೊಟ್ಟ ಪಾಲಿಕೆಯ ಸ್ವಂತ ಸಂದೇಶದಲ್ಲಿ ಶೇ. ಎಷ್ಟು ಕನ್ನಡವಿದೆ? ಅದಕ್ಕೆ ಟೇಪು ಹಿಡಿಯುವವರು ಯಾರು?

ಇನ್ನೂ ಇದೆ. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಸೆಕ್ಷನ್ ತೆಗೆದು ಓದಿ. ಜನರಿಗೆ ಮಾಹಿತಿ ಕೊಡುವಾಗ ಸ್ಥಳೀಯ ಭಾಷೆಯನ್ನೂ ಆ ಜಾಗಕ್ಕೆ ಹೊಂದುವ ವಿಧಾನವನ್ನೂ ಗಮನಿಸಬೇಕೆಂದು ಅಲ್ಲಿದೆ. ಪ್ರಚಾರ ಮಾಡುವುದೆಂದರೆ ನೋಟಿಸ್ ಬೋರ್ಡು, ಪತ್ರಿಕೆ, ಸಾರ್ವಜನಿಕ ಪ್ರಕಟಣೆ ಎಲ್ಲವೂ ಎಂದು ಬಿಡಿಸಿ ಹೇಳಿದೆ. ಸೆಕ್ರೆಟರಿಯ ಮೊಬೈಲಿಗೆ ಒಂದು ಮೆಸೇಜ್ ಕಳಿಸಿ ಕೈ ತೊಳೆದುಕೊಳ್ಳಿ ಎಂದು ಯಾವ ಕಾನೂನೂ ಹೇಳಿಲ್ಲ.

ಕಸದ ಕಾನೂನಿಗೆ ಬನ್ನಿ. 2016ರ ಘನತ್ಯಾಜ್ಯ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದರು: ತೋಟದ ಕಸವನ್ನು ಮನೆಯವರು ಬೇರೆಯಾಗಿಟ್ಟು, ಸ್ಥಳೀಯ ಸಂಸ್ಥೆ ಆಗಾಗ ಹೇಳಿದಂತೆ ವಿಲೇವಾರಿ ಮಾಡಬೇಕು. ಗಮನಿಸಿ, ಸಂಸ್ಥೆ "ಹೇಳಿದಂತೆ"! ಹೇಳಿದರಲ್ಲವೇ ನಾವು ಮಾಡುವುದು? ಅದೇ ವರ್ಷ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದಿತು. ಆ ಮೊಕದ್ದಮೆಯ ಬೇರು ನಮ್ಮ ಬೆಂಗಳೂರಿನಲ್ಲೇ ಇದೆ. 1996ರಲ್ಲಿ ಕಸದ ವಿಷಯವನ್ನು ಸುಪ್ರೀಂ ಕೋರ್ಟಿಗೆ ಒಯ್ದ ಅಲ್ಮಿತ್ರಾ ಪಟೇಲ್ ಇದೇ ಊರಿನವರು. ಸುಡಬೇಡಿ ಎಂದ ತೀರ್ಪು ಬಂತು, ಸರಿ. ಸುಡದೆ ಯಾವ ದಿನ, ಯಾರ ಕೈಗೆ ಕೊಡಬೇಕೆಂಬ ಚೀಟಿ ಮಾತ್ರ ಬರಲಿಲ್ಲ.

ದುಡ್ಡು ಮಾತ್ರ ತಪ್ಪದೆ ವಸೂಲಾಗುತ್ತದೆ! 2025ರ ಏಪ್ರಿಲಿನಿಂದ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕ ಸೇರಿತು. ಮನೆಯ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿಯವರೆಗೆ. ಅದೇ ವರ್ಷ ಅಕ್ಟೋಬರ್ ಕೊನೆಗೆ "ಕಸ ಸುರಿಯುವ ಹಬ್ಬ" ನಡೆಯಿತು. ಬೀದಿಯಲ್ಲಿ ಕಸ ಎಸೆದವರ ಮನೆ ಹುಡುಕಿಕೊಂಡು ಹೋಗಿ ಬಾಗಿಲಲ್ಲೇ ಕಸ ಸುರಿದು ದಂಡ ಹಾಕಿದರು. ಎಸೆದವರಿಗೆ ಬುದ್ಧಿ ಬರಲಿ, ನಾನು ಬೇಡ ಎನ್ನುವುದಿಲ್ಲ. ಆದರೆ ಕಸ ಸುರಿಯಲು ಸಿಕ್ಕ ನಮ್ಮ ಮನೆಯ ಬಾಗಿಲು, ಒಂದು ಕರಪತ್ರ ತೂರಿಸಲು ಯಾಕೆ ಸಿಗುವುದಿಲ್ಲ?

ನೆಪಗಳು ನೂರು

ಮೊದಲನೇ ನೆಪ: ಬಿ.ಟಿ.ಎಂ. ಕಡೆ ಪಿ.ಜಿ.ಗಳಲ್ಲಿ ಹೊರರಾಜ್ಯದವರೇ ಹೆಚ್ಚು, ಕನ್ನಡ ಯಾರಿಗೆ ಅರ್ಥವಾಗುತ್ತದೆ? ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಕನ್ನಡದ ಹಳ್ಳಿಗಳನ್ನು ಮೂರು ಇಂಗ್ಲಿಷ್ ಅಕ್ಷರ ನುಂಗಿತು. ಅಲ್ಲಿ ಹುಟ್ಟಿ ಬೆಳೆದವರು ಇನ್ನೂ ಇದ್ದಾರೆ ಸ್ವಾಮಿ! ಕನ್ನಡ ಮೇಲಿರಲಿ, ಕೆಳಗೆ ಇನ್ನೆರಡು ಭಾಷೆ ಹಾಕಿ, ಯಾರು ಬೇಡವೆಂದರು? ಅಮೆರಿಕದ ರಾಜಧಾನಿ ವಾಷಿಂಗ್ಟನ್ ನೋಡಿ. ಅಲ್ಲಿ ನವೆಂಬರಿನಿಂದ ಜನವರಿಯವರೆಗೆ ಎಲೆ ಎತ್ತುವ ಕೆಲಸಕ್ಕೆ ವಾರ್ಡುವಾರು ವೇಳಾಪಟ್ಟಿ ಹೊರಡಿಸುತ್ತಾರೆ. ಇಂಗ್ಲಿಷ್ ಬಾರದವರಿಗಾಗಿ 2004ರಲ್ಲೇ ಕಾನೂನು ಮಾಡಿದ್ದಾರೆ: ಇಲಾಖೆಗೆ ಬರುವವರಲ್ಲಿ ಒಂದು ಭಾಷೆಯವರು ಶೇ. 3 ಅಥವಾ 500 ಮಂದಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟಿದ್ದರೆ, ಮುಖ್ಯ ಕಾಗದಪತ್ರ ಅವರ ಭಾಷೆಯಲ್ಲೂ ಸಿಗಬೇಕು. ಇಥಿಯೋಪಿಯಾದಿಂದ ಹೋದವರಿಗೆ ಅಲ್ಲಿ ಅಮ್ಹಾರಿಕ್ ಸಿಗುತ್ತದೆ. ಕನ್ನಡಿಗನಿಗೆ ಕನ್ನಡದ ರಾಜಧಾನಿಯಲ್ಲಿ ಕನ್ನಡ ಸಿಗಬಾರದೇ? ನಾಚಿಕೆಯಾಗಬೇಕು!

ಎರಡನೇ ನೆಪ: ಖರ್ಚು. ಇದು ನನ್ನ ಕಸುಬು, ನನಗೆ ಹೇಳಬೇಡಿ. ಒಂದು ರೀಮಿಗೆ 500 ಹಾಳೆ. ಒಂದು ಡೆಮ್ಮಿ ಹಾಳೆಯಲ್ಲಿ ಎಂಟು ಕರಪತ್ರ. ಅಂದರೆ ಒಂದೇ ರೀಮಿನಲ್ಲಿ 4000 ಮನೆಗೆ ಸುದ್ದಿ! ನಾಯಕರ ಹುಟ್ಟುಹಬ್ಬಕ್ಕೆ ಕಟ್ಟುವ ಫ್ಲೆಕ್ಸಿಗೆ ಖರ್ಚು ನೋಡದ ಊರಿದು. "ಪ್ರೆಸ್ಸಿನವನು ಆರ್ಡರಿಗಾಗಿ ಬರೆಯುತ್ತಿದ್ದಾನೆ" ಎನ್ನುವಿರಾ? ಆ ಆರ್ಡರ್ ನನಗೆ ಬೇಡವೇ ಬೇಡ. ಅಚ್ಚೇ ಹಾಕಿಸಬೇಡಿ. ರಸ್ತೆಯ ಮೂಲೆಗೊಂದು ಕರಿ ಹಲಗೆ, ಒಂದು ಸೀಮೆಸುಣ್ಣ ಸಾಕು.

ಮೂರನೆಯದು ನೆಪವಲ್ಲ, ರೋಗ. ಕಷ್ಟಪಟ್ಟು ಕನ್ನಡದಲ್ಲಿ ಬರೆಸಿದರೂ ಏನು ಬರೆಯುತ್ತಾರೆ? "ತೋಟಗಾರಿಕಾ ತ್ಯಾಜ್ಯ ಸಂಗ್ರಹಣಾ ವೇಳಾಪಟ್ಟಿಯನ್ನು ಈ ಮೂಲಕ ಸಾರ್ವಜನಿಕರ ಅವಗಾಹನೆಗೆ ತರಲಾಗಿದೆ." ಇಂಥ ಸಾಲುಗಳನ್ನು ಅಚ್ಚು ಹಾಕಿ ಹಾಕಿ ನನ್ನ ಕಣ್ಣು ಸವೆದಿದೆ. ಇದು ಕನ್ನಡ ಲಿಪಿ, ಕನ್ನಡವಲ್ಲ! "ಎಲೆ ಗಾಡಿ ಮಂಗಳವಾರ ಬೆಳಿಗ್ಗೆ ಏಳಕ್ಕೆ ಬರುತ್ತದೆ. ಚೀಲದಲ್ಲಿ ತುಂಬಿಡಿ. ಬೆಂಕಿ ಹಚ್ಚಬೇಡಿ." ಇಷ್ಟು ಬರೆಯಲು ಯಾವ ಡಿಗ್ರಿ ಬೇಕು?

ಎಲೆ ಎಲ್ಲಿಗೆ ಹೋಗುತ್ತದೆ ಗೊತ್ತೇ?

ದಿನ ತಿಳಿಯದವನು ಎಲೆಯನ್ನು ಸುಡುತ್ತಾನೆ, ಇಲ್ಲವೇ ಮಿಶ್ರ ಕಸಕ್ಕೆ ತುರುಕುತ್ತಾನೆ. ಮಿಶ್ರ ಕಸ ಊರ ಹೊರಗಿನ ಹಳ್ಳಿಗೆ ಹೋಗುತ್ತದೆ. ಮಾವಳ್ಳಿಪುರದ ಜನ ತಿರುಗಿಬಿದ್ದು 2012ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ಮಂಡೂರಿನ ಜನ ಹೋರಾಡಿ 2014ರ ಕೊನೆಗೆ ಲಾರಿ ನಿಲ್ಲಿಸಿದರು. ಕನ್ನಡದ ರೈತನ ಬಾವಿಗೆ, ಹೊಲಕ್ಕೆ ನಮ್ಮ ಕಸ! ಅದೇ ಶಿರಸಿ, ಸಿದ್ದಾಪುರದ ಕಡೆ ಹೋಗಿ ನೋಡಿ. ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಗು ತಂದು ಗೊಬ್ಬರ ಮಾಡಿ ಅಡಿಕೆ ತೋಟ ಸಾಕುತ್ತಾರೆ. ಅಲ್ಲಿ ಅನ್ನ ಕೊಡುವ ಎಲೆ ಇಲ್ಲಿ ಉಬ್ಬಸ ಕೊಡುತ್ತಿದೆ.

ನಮ್ಮ ಬೇಡಿಕೆ

2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕೇಳಲು ಕಾರ್ಪೊರೇಟರೂ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಬಂತು. ಐದಾಗಲಿ, ಐವತ್ತಾಗಲಿ, ನಾವು ಕೇಳುವುದು ಇಷ್ಟೇ:

1. ಸಂಕ್ರಾಂತಿಗೆ ಮೊದಲೇ ರಸ್ತೆವಾರು ಎಲೆ ಗಾಡಿಯ ದಿನ ಗೊತ್ತುಮಾಡಿ, ಕರಪತ್ರವನ್ನು ಮನೆಮನೆಗೆ ಮುಟ್ಟಿಸಬೇಕು. ಕನ್ನಡ ಮೊದಲು, ತಿಳಿಗನ್ನಡದಲ್ಲಿ.
2. ಪ್ರತಿ ಉದ್ಯಾನದ ಗೇಟಿನಲ್ಲಿ, ಬಸ್ ನಿಲ್ದಾಣದಲ್ಲಿ, ನಂದಿನಿ ಬೂತಿನ ಪಕ್ಕದಲ್ಲಿ ಹಲಗೆಯ ಮೇಲೆ ಬರೆಯಬೇಕು.
3. ಮೈಕಿರುವ ಕಸದ ಆಟೋಗಳು ಹಿಂದಿನ ದಿನವೇ ಕನ್ನಡದಲ್ಲಿ ಕೂಗಿ ಹೇಳಬೇಕು.
4. ಗಾಡಿ ತಪ್ಪಿದರೆ ಮುಂದಿನ ದಿನ ಯಾವುದೆಂದು ಅದೇ ಹಲಗೆಯಲ್ಲಿ ತಿದ್ದಬೇಕು.
5. ಎಲ್ಲರಿಗಿಂತ ಮೊದಲು ಪೌರಕಾರ್ಮಿಕರಿಗೂ ಆಟೋ ಚಾಲಕರಿಗೂ ಹೇಳಬೇಕು.

ತಮ್ಮಂದಿರೇ, ತಂಗಿಯರೇ, ನವೆಂಬರ್ ಒಂದರಂದು ಬಾವುಟ ಕಟ್ಟುತ್ತೀರಿ, ಸಂತೋಷ. ಈ ಸಲ ಆ ಬಾವುಟದ ಕಂಬದ ಕೆಳಗೆ ಒಂದು ಕರಿ ಹಲಗೆಯನ್ನೂ ನಿಲ್ಲಿಸಿ. ಐದೈದು ಜನ ಸೇರಿ ನಿಮ್ಮ ವಾರ್ಡಿನ ಕಚೇರಿಗೆ ಹೋಗಿ, ಕನ್ನಡದಲ್ಲೇ ಅರ್ಜಿ ಬರೆದು ಎಲೆ ಗಾಡಿಯ ದಿನ ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ದಿನ ಸಿಕ್ಕ ಕೂಡಲೇ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಗ್ರೂಪಿನಲ್ಲಿ ಇಂಗ್ಲಿಷ್ ಮೆಸೇಜ್ ಬಂದರೆ ಸುಮ್ಮನೆ ಬೆರಳೊತ್ತಬೇಡಿ, "ಕನ್ನಡದಲ್ಲಿ ಎಲ್ಲಿ?" ಎಂದು ಕೇಳಿ.

ಕಚೇರಿಯಲ್ಲಿ ಕೂತ ಮಹಾಶಯರೇ, ನಿಮಗೂ ಕೊನೆಯ ಮಾತು. ಮುಂದಿನ ಶಿಶಿರಕ್ಕೂ ನಮ್ಮ ಹೊಂಗೆ ಎಲೆ ಉದುರಿಸುತ್ತದೆ. ನಮ್ಮಮ್ಮ ಮತ್ತೆ ಪೊರಕೆ ಹಿಡಿದು ಹೊರಗೆ ಬರುತ್ತಾರೆ. ಅವರು ಯಾವ ಗ್ರೂಪಿನಲ್ಲೂ ಇಲ್ಲ. ಗಾಡಿ ಯಾವಾಗ ಬರುತ್ತದೆಂದು ಅವರಿಗೆ ಅವರ ಭಾಷೆಯಲ್ಲಿ ಹೇಳಿ. ಹೇಳದಿದ್ದರೆ ಆ ಚೀಲಗಳನ್ನು ನಾವೇ ಹೊತ್ತು ತಂದು ನಿಮ್ಮ ಕಚೇರಿಯ ಬಾಗಿಲಲ್ಲಿ ಸಾಲಾಗಿ ಇಡುತ್ತೇವೆ. ಯಾವ ದಿನ ಬರುತ್ತೇವೆಂದು ಮುಂಚೆಯೇ ತಿಳಿಸುತ್ತೇವೆ, ಕನ್ನಡದಲ್ಲಿ!

ಸಿರಿಗನ್ನಡಂ ಗೆಲ್ಗೆ!