ಹೊಸ್ತಿಲ ಮೇಲಿನ ಆಟ

ಕಳೆದ ಭಾನುವಾರ ಬೆಳಗ್ಗೆ ನೆರೆಮನೆಯ ರಾಯರು ಕಾಫಿಯ ಹೊತ್ತಿಗೆ ಸರಿಯಾಗಿ ನಮ್ಮ ಮನೆಗೆ ಬಂದರು. ಎಂದಿನ ಪ್ರಸನ್ನತೆ ಅವರ ಮುಖದಲ್ಲಿರಲಿಲ್ಲ. ಲೋಟವನ್ನು ಕೈಗೆ ತೆಗೆದುಕೊಂಡು, ಒಂದು ಗುಟುಕು ಕುಡಿದು, ಮಾತಿಗೆ ಆರಂಭಿಸಿದರು.

“ಮೇಷ್ಟ್ರೇ, ನೀವೇ ನ್ಯಾಯ ಹೇಳಿ. ಹುಡುಗಿಗೆ ಬರುವ ವರ್ಷ ಎಸ್ಸೆಸ್ಸೆಲ್ಸಿ. ಇಂಥ ಹೊತ್ತಿನಲ್ಲಿ ಪ್ರತಿದಿನ ಬೆಳಗ್ಗೆ ಫುಟ್‌ಬಾಲ್ ಅಭ್ಯಾಸಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಆಟವೇ ಬೇಡವೆಂದು ನಾನೇನೂ ಹೇಳಲಿಲ್ಲ. ಮೊದಲು ಪರೀಕ್ಷೆ ಮುಗಿಯಲಿ, ಆಮೇಲೆ ಎಷ್ಟು ಬೇಕಾದರೂ ಆಡು ಎಂದೆ. ಅದಕ್ಕೆ ಅವಳೇನೆಂದಳು ಗೊತ್ತೆ? ‘ಅಪ್ಪಾ, ಈ ಆಟದಲ್ಲಿ ಆಮೇಲೆ ಅನ್ನೋದು ಇಲ್ಲ’ ಎಂದಳು! ಹದಿನಾಲ್ಕು ವರ್ಷದ ಹುಡುಗಿ ಆಡುವ ಮಾತೇ ಇದು?”

ರಾಯರು ಕಾಲ್ಚೆಂಡಿನ ವೈರಿಗಳೆಂದು ವಾಚಕರು ತಿಳಿಯಬಾರದು. 2023ರಲ್ಲಿ ಕರ್ನಾಟಕದ ತಂಡ ದೂರದ ರಿಯಾದ್ ನಗರದಲ್ಲಿ ಮೇಘಾಲಯವನ್ನು ಸೋಲಿಸಿ, 54 ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ಗೆದ್ದಾಗ ಬೀದಿಗೆಲ್ಲ ಮೈಸೂರುಪಾಕು ಹಂಚಿದ ಪುಣ್ಯಾತ್ಮರು ಅವರು. ಆದರೆ ಪರರ ಮಕ್ಕಳ ಆಟಕ್ಕೆ ಸಿಹಿ ಹಂಚುವುದು ಬೇರೆ, ಸ್ವಂತ ಮಗಳ ಆಟಕ್ಕೆ ಅಪ್ಪಣೆ ಕೊಡುವುದು ಬೇರೆ. ಈ ವ್ಯತ್ಯಾಸವನ್ನು ಅರಿಯದ ಗೃಹಸ್ಥನು ನಮ್ಮಲ್ಲಿ ಯಾರಿದ್ದಾನೆ?

ನಾನು ಆ ಕ್ಷಣಕ್ಕೆ ಏನನ್ನೂ ಹೇಳದೆ ಇನ್ನರ್ಧ ಲೋಟ ಕಾಫಿ ತರಿಸಿ ಪಾರಾದೆ. ಆದರೆ ಹುಡುಗಿಯ ಮಾತು ಮನಸ್ಸಿನಲ್ಲಿ ಉಳಿಯಿತು. ಯೋಚಿಸಿದಂತೆಲ್ಲ ಅದು ಉದ್ಧಟತನದ ಮಾತಲ್ಲ, ಬರಿಯ ಲೆಕ್ಕದ ಮಾತು ಎಂದು ತೋರತೊಡಗಿತು. ಆ ಲೆಕ್ಕವನ್ನು ಇಂದು ವಾಚಕರ ಮುಂದಿಡುತ್ತೇನೆ.

ಹೆಣ್ಣುಮಕ್ಕಳ ಕಾಲ್ಚೆಂಡಿನಲ್ಲಿ ಎಳೆಯರಿಗಾಗಿ ಎರಡು ವಿಶ್ವಕಪ್‌ಗಳುಂಟು. 20 ವರ್ಷದೊಳಗಿನವರದು ಒಂದು, 17 ವರ್ಷದೊಳಗಿನವರದು ಇನ್ನೊಂದು. ಹುಡುಗರಿಗೆ ಇಂಥ ವಿಶ್ವಪಂದ್ಯಾವಳಿ ಟ್ಯುನೀಸಿಯಾದಲ್ಲಿ ಆರಂಭವಾದದ್ದು 1977ರಲ್ಲಿ. ಹುಡುಗಿಯರು ಅದಕ್ಕಾಗಿ 2002ರವರೆಗೆ, ಅಂದರೆ ಕಾಲು ಶತಮಾನ, ಕಾಯಬೇಕಾಯಿತು. ಆ ವರ್ಷ ಕೆನಡಾದಲ್ಲಿ 19 ವರ್ಷದೊಳಗಿನವರಿಗಾಗಿ ಮೊದಲ ಪಂದ್ಯಾವಳಿ ನಡೆಯಿತು. ಎಡ್ಮಂಟನ್ ನಗರದಲ್ಲಿ ನಡೆದ ಅಂತಿಮ ಪಂದ್ಯವನ್ನು ನೋಡಲು 47 ಸಾವಿರಕ್ಕೂ ಹೆಚ್ಚು ಜನ ನೆರೆದರು; ಅಮೆರಿಕದ ಹುಡುಗಿಯರು ಕೆನಡಾದವರನ್ನು ಒಂದೇ ಗೋಲಿನಿಂದ ಸೋಲಿಸಿದರು. ಹುಡುಗಿಯರ ಆಟವನ್ನು ಯಾರು ನೋಡುತ್ತಾರೆ ಎಂಬ ಹಳೆಯ ಪ್ರಶ್ನೆಗೆ ಆ ಜನಸಮೂಹವೇ ಉತ್ತರವಾಯಿತು. 17 ವರ್ಷದೊಳಗಿನವರ ಮೊದಲ ವಿಶ್ವಕಪ್ ನ್ಯೂಜಿಲೆಂಡಿನಲ್ಲಿ ನಡೆದದ್ದು 2008ರಲ್ಲಿ.

ವಾಸ್ತವವಾಗಿ ಆ ಪ್ರಶ್ನೆಗೆ ಉತ್ತರ ಅದಕ್ಕೂ ಬಹಳ ಹಿಂದೆಯೇ ದೊರೆತಿತ್ತು. 1920ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ, ಕಾರ್ಖಾನೆಯ ಹೆಣ್ಣುಮಕ್ಕಳ ತಂಡವೊಂದರ ಆಟವನ್ನು ನೋಡಲು ಸುಮಾರು 53 ಸಾವಿರ ಜನ ಸೇರಿದ್ದರು. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಘ, ಈ ಆಟ ಸ್ತ್ರೀಯರಿಗೆ ತಕ್ಕುದಲ್ಲವೆಂದು ತೀರ್ಮಾನಿಸಿ, ತನ್ನ ಸದಸ್ಯ ಸಂಸ್ಥೆಗಳ ಮೈದಾನಗಳಲ್ಲಿ ಅವರು ಆಡದಂತೆ ನಿಷೇಧಿಸಿತು. ಆ ನಿಷೇಧ ತೊಲಗಲು 50 ವರ್ಷ ಹಿಡಿಯಿತು. 1921ರಲ್ಲಿ ಹದಿನೈದು ವರ್ಷದವಳಾಗಿದ್ದ ಹುಡುಗಿಗೆ ಬಾಗಿಲು ಮತ್ತೆ ತೆರೆದಾಗ ವಯಸ್ಸು ಅರವತ್ತೈದು. ಆಕೆಗೆ ‘ಆಮೇಲೆ’ ಎಂಬುದು ಬಂದಿತು. ಆದರೆ ಕಾಲುಗಳು ಕಾಯ್ದಿರಲಿಲ್ಲ.

ಈಗ ಅರ್ಹತಾ ಸುತ್ತಿನ ವಿಚಾರ. ಮದುವೆಯ ಊಟವನ್ನು ಊರೆಲ್ಲ ಹೊಗಳುತ್ತದೆ. ಹಿಂದಿನ ರಾತ್ರಿ ಕುಳಿತು ತರಕಾರಿ ಹೆಚ್ಚಿದವರನ್ನು ಯಾರೂ ನೆನೆಯುವುದಿಲ್ಲ. ವಿಶ್ವಕಪ್ಪೆಂಬುದು ಮದುವೆಯ ಊಟವಾದರೆ ಅರ್ಹತಾ ಸುತ್ತು ತರಕಾರಿ ಹೆಚ್ಚುವ ಕೆಲಸ. ಏಷ್ಯದ ತಂಡಗಳನ್ನು ಮೂರು ನಾಲ್ಕರ ಗುಂಪುಗಳಾಗಿ ವಿಂಗಡಿಸುತ್ತಾರೆ. ಒಂದೊಂದು ಗುಂಪೂ ಒಂದು ಊರಿನಲ್ಲಿ ಸೇರಿ, ಒಂದು ವಾರ ತುಂಬುವುದರೊಳಗೆ ಪರಸ್ಪರ ಆಡಿ ಮುಗಿಸುತ್ತದೆ. ಗೆದ್ದರೆ ಮೂರು ಅಂಕ, ಸಮವಾದರೆ ಒಂದು, ಸೋತರೆ ಸೊನ್ನೆ. ಗುಂಪಿನಲ್ಲಿ ಮೊದಲು ನಿಂತವರು ಏಷ್ಯಾಕಪ್‌ಗೆ ಹೋಗುತ್ತಾರೆ. 2026ರ ಏಷ್ಯಾಕಪ್‌ಗಳಿಗೆ ಗೊತ್ತುಮಾಡಿದ ನಿಯಮದಂತೆ, ಅಲ್ಲಿ ಕೊನೆಯ ನಾಲ್ವರಲ್ಲಿ ಒಬ್ಬರಾದವರಿಗೆ ವಿಶ್ವಕಪ್ಪಿನ ಬಾಗಿಲು. ಹೀಗೆ ಹೊಸ್ತಿಲ ಮುಂದೆ ಹೊಸ್ತಿಲು. ಮೊದಲನೆಯದನ್ನು ಎಡವಿದವರಿಗೆ ಎರಡನೆಯದು ಕಣ್ಣಿಗೂ ಬೀಳುವುದಿಲ್ಲ.

ನಮ್ಮ ದೇಶಕ್ಕೆ ಒಮ್ಮೆ ಈ ಹೊಸ್ತಿಲುಗಳ ತೊಂದರೆಯಿಲ್ಲದೆಯೇ ಒಳಮನೆಯಲ್ಲಿ ಮಣೆ ದೊರೆತಿತ್ತು. 17 ವರ್ಷದೊಳಗಿನವರ 2020ರ ವಿಶ್ವಕಪ್ ಭಾರತದಲ್ಲಿ ನಡೆಯಬೇಕೆಂದು ಗೊತ್ತಾಗಿತ್ತು. ಅತಿಥೇಯರಿಗೆ ಅರ್ಹತಾ ಸುತ್ತಿಲ್ಲ. ನಮ್ಮ ಹುಡುಗಿಯರು ಸಿದ್ಧರಾಗುತ್ತಿದ್ದರು. ಅಷ್ಟರಲ್ಲಿ ಕೋವಿಡ್ ಮಹಾಮಾರಿ ಬಂದಿತು. ಪಂದ್ಯಾವಳಿ ಮೊದಲು 2021ಕ್ಕೆ ಮುಂದೆ ಹೋಯಿತು; ಬಳಿಕ ಪೂರ್ತಿಯಾಗಿ ರದ್ದಾಯಿತು. ಭಾರತಕ್ಕೆ ಅನ್ಯಾಯವಾಗಬಾರದೆಂದು 2022ರ ಆತಿಥ್ಯವನ್ನು ನಮಗೇ ಕೊಟ್ಟರು.

ದೇಶಕ್ಕೇನೋ ಅನ್ಯಾಯವಾಗಲಿಲ್ಲ. ಆದರೆ ಆ ಹುಡುಗಿಯರಿಗೆ? 2022ರ ಪಂದ್ಯಾವಳಿಗೆ 2005ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಮಾತ್ರ ಅರ್ಹರು. 2003ರಲ್ಲೋ 2004ರಲ್ಲೋ ಹುಟ್ಟಿ, ತಿಂಗಳುಗಟ್ಟಲೆ ತರಬೇತಿ ಪಡೆದು, ನೀಲಿ ಅಂಗಿಯ ಕನಸು ಕಂಡಿದ್ದವರು ಯಾವ ಪಂದ್ಯವನ್ನೂ ಸೋಲದೆ, ಯಾವ ತಪ್ಪನ್ನೂ ಮಾಡದೆ, ಕೇವಲ ಕ್ಯಾಲೆಂಡರಿನ ಹಾಳೆ ತಿರುಗಿದ್ದರಿಂದ ಹೊರಗುಳಿದರು. ಅತಿಥೇಯ ಸ್ಥಾನವನ್ನು ಮುಂದೂಡಬಹುದು. ಹದಿನಾರನೆಯ ವಯಸ್ಸನ್ನು ಮುಂದೂಡುವ ಸಂಸ್ಥೆ ಈ ಜಗತ್ತಿನಲ್ಲಿಲ್ಲ.

2022ರಲ್ಲಿ ಕೂಡ ವಿಘ್ನ ತಪ್ಪಲಿಲ್ಲ. ಅಕ್ಟೋಬರಿನಲ್ಲಿ ಪಂದ್ಯಾವಳಿ ಎನ್ನುವಾಗ ಆಗಸ್ಟಿನಲ್ಲಿ ಜಾಗತಿಕ ಸಂಸ್ಥೆಯಾದ ಫಿಫಾ, ಆಡಳಿತದಲ್ಲಿ ಹೊರಗಿನವರ ಹಸ್ತಕ್ಷೇಪವಿದೆಯೆಂದು ಭಾರತೀಯ ಫುಟ್‌ಬಾಲ್ ಮಹಾಮಂಡಲವನ್ನು ಅಮಾನತಿನಲ್ಲಿಟ್ಟಿತು. ಹತ್ತು ಹನ್ನೊಂದು ದಿನಗಳಲ್ಲಿ ಅಮಾನತು ರದ್ದಾಗಿ, ಎಲ್ಲರೂ ನಿಟ್ಟುಸಿರುಬಿಟ್ಟರು. ಕೊನೆಗೆ ಭುವನೇಶ್ವರದಲ್ಲಿ ನಮ್ಮ ಹುಡುಗಿಯರು ಮೈದಾನಕ್ಕಿಳಿದರು. ಅಮೆರಿಕದ ವಿರುದ್ಧ ಎಂಟು, ಮೊರಾಕೊ ವಿರುದ್ಧ ಮೂರು, ಬ್ರೆಜಿಲ್ ವಿರುದ್ಧ ಐದು. ಒಟ್ಟು 16 ಗೋಲುಗಳು ನಮ್ಮ ಬಲೆಯೊಳಗೆ ಬಿದ್ದವು. ನಾವು ಹೊಡೆದದ್ದು ಸೊನ್ನೆ.

ಆ ಸೋಲಿಗೆ ಹುಡುಗಿಯರನ್ನು ಹಳಿಯುವುದು ಧರ್ಮವಲ್ಲ. ಹೊಸ್ತಿಲನ್ನು ಏರಿ ಬಂದವರ ಕಾಲಿಗೆ ಒಂದು ಬಲ ಬಂದಿರುತ್ತದೆ. ನೇರವಾಗಿ ಒಳಮನೆಗೆ ಕರೆತಂದು ಕೂರಿಸಿದವರಿಗೆ ಆ ಬಲ ಎಲ್ಲಿಂದ ಬರಬೇಕು? ಅರ್ಹತಾ ಸುತ್ತು ಬೇಡದವರನ್ನು ಹೊರಗಿಡುವ ಬೇಲಿ ಮಾತ್ರವಲ್ಲ, ಬೇಕಾದವರನ್ನು ಗಟ್ಟಿಮಾಡುವ ಗರಡಿಮನೆಯೂ ಹೌದು.

ಇದಕ್ಕೆ 2025ನೆಯ ವರ್ಷವೇ ಸಾಕ್ಷಿ. ಆ ವರ್ಷದ ಜುಲೈನಲ್ಲಿ ನಮ್ಮ ಹಿರಿಯ ಮಹಿಳಾ ತಂಡ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ, ಆತಿಥೇಯ ಥಾಯ್ಲೆಂಡನ್ನೇ 2-1ರಿಂದ ಸೋಲಿಸಿ, ಅರ್ಹತಾ ಸುತ್ತಿನ ಮೂಲಕ ಮೊದಲ ಬಾರಿಗೆ ಏಷ್ಯಾಕಪ್‌ಗೆ ದಾರಿ ಮಾಡಿಕೊಂಡಿತು. ಅಕ್ಕಂದಿರು ದಾಟಿದ ಮೇಲೆ ತಂಗಿಯರು ಸುಮ್ಮನಿರುವರೆ? ಆಗಸ್ಟಿನಲ್ಲಿ 20 ವರ್ಷದೊಳಗಿನವರ ತಂಡ ಮ್ಯಾನ್ಮಾರಿನ ಯಾಂಗೂನಿಗೆ, ನಮ್ಮ ಅಜ್ಜಂದಿರ ಬಾಯಲ್ಲಿ ರಂಗೂನೆಂದು ಕೇಳಿದ ಊರಿಗೆ, ಹೊರಟಿತು. ಮೊದಲ ಪಂದ್ಯದಲ್ಲಿ ಇಂಡೊನೇಷ್ಯದ ಎದುರು ಯಾರೂ ಗೋಲು ಹೊಡೆಯಲಿಲ್ಲ. ಎರಡನೆಯದರಲ್ಲಿ ತುರ್ಕ್‌ಮೆನಿಸ್ತಾನದ ವಿರುದ್ಧ ಏಳು ಗೋಲುಗಳ ಮಳೆ. ಮೂರನೆಯದು ಆತಿಥೇಯ ಮ್ಯಾನ್ಮಾರ್ ವಿರುದ್ಧ, ಅವರದೇ ಮೈದಾನದಲ್ಲಿ, ಅವರದೇ ಜನರ ಕೂಗಿನ ನಡುವೆ. 27ನೆಯ ನಿಮಿಷದಲ್ಲಿ ಪೂಜಾ ಎಂಬ ಹುಡುಗಿ ಒಂದು ಗೋಲು ಹೊಡೆದಳು. ಆಮೇಲಿನ ಅರವತ್ತಕ್ಕೂ ಹೆಚ್ಚು ನಿಮಿಷಗಳ ಕಾಲ ಉಳಿದವರೆಲ್ಲ ಸೇರಿ ಆ ಒಂದು ಗೋಲನ್ನು, ಗಾಳಿಯಲ್ಲಿ ಹಣತೆಗೆ ಕೈ ಅಡ್ಡ ಹಿಡಿಯುವಂತೆ, ಕಾಪಾಡಿಕೊಂಡರು. ಎರಡು ಗೆಲವು, ಒಂದು ಸಮ, ಏಳು ಅಂಕ. 2006ರ ತರುವಾಯ ಮೊದಲ ಬಾರಿಗೆ ಭಾರತದ ಕಿರಿಯರು ಏಷ್ಯಾಕಪ್ಪಿನ ಹೊಸ್ತಿಲು ದಾಟಿದರು.

ಅಕ್ಟೋಬರಿನಲ್ಲಿ 17 ವರ್ಷದೊಳಗಿನವರ ಸರದಿ. ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ ಮೂರು ತಂಡಗಳ ಗುಂಪು. ಮೊದಲ ಸ್ಥಾನಕ್ಕೆ ಮಾತ್ರ ದಾರಿ. ಎರಡನೆಯವರಿಗೆ ವಿಮಾನದ ಚೀಟಿ, ಅದೂ ಮನೆಗೆ. ಮೊದಲು ಕಿರ್ಗಿಸ್ತಾನವನ್ನು ನಮ್ಮವರು 2-1ರಿಂದ ಸೋಲಿಸಿದರು. ನಾಲ್ಕು ದಿನಗಳ ಬಳಿಕ ಉಜ್ಬೇಕಿಸ್ತಾನ ಎದುರಾಯಿತು. ಮೊದಲರ್ಧದಲ್ಲೇ ನಾವು ಒಂದು ಗೋಲಿನ ಹಿಂದೆ. ಹಾಗೆಯೇ ಮುಗಿದಿದ್ದರೆ ಅಲ್ಲಿಗೆ ಕಥೆಯೂ ಮುಗಿಯುತ್ತಿತ್ತು. ವಿರಾಮಕ್ಕೆ ಸ್ವಲ್ಪ ಮೊದಲು ತರಬೇತುದಾರ, ಸ್ವೀಡನ್ನಿನ ಯೊಆಕಿಮ್ ಅಲೆಕ್ಸಾಂಡರ್‌ಸನ್, ಥಂಡಾಮೋನಿ ಬಾಸ್ಕೆ ಎಂಬ ಹುಡುಗಿಯನ್ನು ಬದಲಿ ಆಟಗಾರ್ತಿಯಾಗಿ ಕಳಿಸಿದರು. ದ್ವಿತೀಯಾರ್ಧದಲ್ಲಿ ಆಕೆಯೇ ಗೋಲು ಹೊಡೆದು ಪಂದ್ಯವನ್ನು ಸಮಮಾಡಿದಳು. ಸ್ವಲ್ಪ ಹೊತ್ತಿಗೆಲ್ಲ ಝಾರ್ಖಂಡದ ಅನುಷ್ಕಾ ಕುಮಾರಿ ಗೆಲವಿನ ಗೋಲು ಹೊಡೆದಳು. ಅರ್ಹತಾ ಸುತ್ತನ್ನು ಗೆದ್ದು ಭಾರತದ ಹುಡುಗಿಯರು ಆ ವಯೋಮಿತಿಯ ಏಷ್ಯಾಕಪ್‌ಗೆ ಅರ್ಹರಾದದ್ದು ಅದೇ ಮೊದಲು. ಯಾರೂ ಮಣೆ ಹಾಕಿ ಕರೆದದ್ದಲ್ಲ. ತಾವೇ ಬಾಗಿಲು ತೆರೆದು ನಡೆದದ್ದು.

ಇಷ್ಟನ್ನೂ ಅಂದು ಸಂಜೆ ಕಾಂಪೌಂಡಿನ ಗೋಡೆಯ ಬಳಿ ರಾಯರಿಗೆ ಹೇಳಿದೆ. ಅವರು ಬುದ್ಧಿವಂತರು, ಸುಲಭವಾಗಿ ಸೋಲುವವರಲ್ಲ. “ಸರಿ ಮೇಷ್ಟ್ರೇ, ದೇಶದಲ್ಲಿ ಆಡುವ ಹುಡುಗಿಯರು ಸಾವಿರಾರು. ಬಿಷ್ಕೆಕ್ಕಿಗೆ ಹೋದವರು ಇಪ್ಪತ್ತು ಚಿಲ್ಲರೆ. ನನ್ನ ಮಗಳು ಆ ಇಪ್ಪತ್ತರಲ್ಲಿ ಒಬ್ಬಳಾಗುತ್ತಾಳೆಂದು ನೀವು ಬರೆದುಕೊಡುತ್ತೀರಾ?” ಎಂದರು.

ಬರೆದುಕೊಡಲಾರೆ ಎಂದೆ. ಬಹುಶಃ ಆಗಲಾರಳು ಎಂದೂ ಹೇಳಿದೆ. ಸುಳ್ಳು ಆಸೆ ತೋರಿಸುವುದು ಅಧ್ಯಾಪಕನ ವೃತ್ತಿಗೆ ಒಪ್ಪುವುದಿಲ್ಲ. ಆದರೆ ಮೈದಾನದಲ್ಲಿ ತನಗಿಂತ ಚೆನ್ನಾಗಿ ಆಡುವವಳೊಬ್ಬಳು ತನ್ನನ್ನು ಹಿಂದೆ ಹಾಕಿದರೆ ಹುಡುಗಿಗೆ ತನ್ನ ಅಳತೆ ತಿಳಿಯುತ್ತದೆ. ಅತ್ತು, ಮುಖ ತೊಳೆದು, ಬೇರೆ ದಾರಿ ಹಿಡಿಯುತ್ತಾಳೆ. ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟವಳಿಗೆ ಅಳತೆ ಎಂದೂ ತಿಳಿಯುವುದಿಲ್ಲ. ಮೂವತ್ತನೆಯ ವಯಸ್ಸಿನಲ್ಲಿ, ಯಾವುದೋ ಸಂಜೆ, ‘ಅಂದು ಹೋಗಿದ್ದರೆ’ ಎಂಬ ಒಂದು ಮಾತು ಆಕೆಯ ಮನಸ್ಸಿನ ಮೂಲೆಯಿಂದ ಎದ್ದು ಬರುತ್ತದೆ. ಆ ಮಾತಿಗೆ ಯಾವ ತಂದೆ ಉತ್ತರ ಕೊಡಬಲ್ಲ?

ಪರೀಕ್ಷೆ ದೊಡ್ಡದಲ್ಲವೆಂದು ನಾನು ಹೇಳುವುದಿಲ್ಲ. ಪರೀಕ್ಷೆಗಳಿಂದಲೇ ನನ್ನ ಮನೆಯ ಒಲೆ ಉರಿಯುವುದು. ಆದರೂ ಒಂದು ಮಾತುಂಟು. 2024ರಲ್ಲಿ ನಮ್ಮ ಸರ್ಕಾರ ಎಸ್ಸೆಸ್ಸೆಲ್ಸಿಯನ್ನು ಒಂದೇ ವರ್ಷದಲ್ಲಿ ಮೂರು ಸಲ ಬರೆಯಲು ಅವಕಾಶ ಕೊಟ್ಟಿತು. ಪರೀಕ್ಷೆ ಅಷ್ಟು ದಯಾಳು. ನಲವತ್ತರಲ್ಲಿ ಕಟ್ಟಿ ಪಾಸಾದವರನ್ನೂ ನಾನು ಬಲ್ಲೆ. ಹದಿನೇಳರೊಳಗಿನ ತಂಡಕ್ಕೆ ಪೂರಕ ಪರೀಕ್ಷೆಯಿಲ್ಲ. ‘ಮೊದಲು ಇದು, ಆಮೇಲೆ ಅದು’ ಎಂದು ನಾವು ಹಿರಿಯರು ಹೇಳುವಾಗ ಎರಡೂ ಸಮಾನವಾಗಿ ಕಾಯುತ್ತವೆಂದು ಭಾವಿಸುತ್ತೇವೆ. ಒಂದು ಕಾಯುತ್ತದೆ, ಇನ್ನೊಂದು ಕಾಯುವುದಿಲ್ಲ. ಹಾಗಿರುವಾಗ ಎರಡಕ್ಕೂ ದಿನದಲ್ಲಿ ಒಂದೊಂದು ಹೊತ್ತನ್ನು ಹುಡುಕುವುದೇ ಹಿರಿಯರ ಜಾಣತನ.

ರಾಯರು ಏನನ್ನೂ ಹೇಳದೆ ಒಳಗೆ ಹೋದರು. ನನ್ನ ಉಪನ್ಯಾಸಗಳಿಗೆ ಕಾಲೇಜಿನಲ್ಲಿಯೂ ಇದೇ ಗತಿಯಾದ್ದರಿಂದ ನನಗೆ ವಿಶೇಷ ಬೇಸರವಾಗಲಿಲ್ಲ.

ನಿನ್ನೆ ಮುಂಜಾನೆ ಹಾಲು ತರಲೆಂದು ಹೊರಗೆ ಬಂದಾಗ ಗಂಟೆ ಆರಾಗಿರಲಿಲ್ಲ. ರಾಯರು ತಲೆಗೆ ಮಫ್ಲರು ಸುತ್ತಿಕೊಂಡು ಸ್ಕೂಟರನ್ನು ಚಾಲೂ ಮಾಡುತ್ತಿದ್ದರು. ಹಿಂದೆ ಮಗಳು ಕುಳಿತಿದ್ದಳು. ಕೈಯಲ್ಲಿ ಬೂಟು, ಹೆಗಲಲ್ಲಿ ಚೀಲ. ನನ್ನನ್ನು ಕಂಡು ರಾಯರು ಕೊಂಚ ಸಂಕೋಚದಿಂದ ನಕ್ಕರು.

“ಏಳೂವರೆಗೆಲ್ಲ ವಾಪಸು ಬರುತ್ತೇವೆ, ಮೇಷ್ಟ್ರೇ. ಗಣಿತ ಆಮೇಲೆ” ಎಂದರು.