ಕನ್ನಡ ಬಾವುಟದ ಖರೀದಿ: ಕೊಳ್ಳುವವನೇ ಕಾವಲುಗಾರ

ಪ್ರತಿ ವರ್ಷ ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ ನಮ್ಮ ಅಂಗಡಿ, ಕಾರ್ಖಾನೆ ಹಾಗೂ ಕಚೇರಿಗಳು ಕನ್ನಡ ಬಾವುಟಗಳನ್ನು ಖರೀದಿಸುತ್ತವೆ. ಲೆಕ್ಕ ಪರಿಶೋಧನೆಯ ವೇಳೆ ಈ ಖರೀದಿಯ ವೋಚರುಗಳು ನನ್ನ ಮುಂದೆ ಬರುತ್ತಿರುತ್ತವೆ. 'ಇತರೆ ಖರ್ಚು' ಎಂಬ ಶೀರ್ಷಿಕೆಯಡಿ 'ಬಾವುಟ 100' ಎಂದಷ್ಟೇ ಬರೆದಿರುತ್ತದೆ. ಅಳತೆಯಿಲ್ಲ, ಬಟ್ಟೆ ಯಾವುದೆಂಬ ವಿವರವಿಲ್ಲ, ಅನೇಕ ವೇಳೆ ಬಿಲ್ಲೂ ಇರುವುದಿಲ್ಲ. ಗೋಣಿಚೀಲವನ್ನು ಕೊಳ್ಳುವಾಗಲೂ ತೂಕ, ನೇಯ್ಗೆ ಪರೀಕ್ಷಿಸುವ ವರ್ತಕ ಬಾಂಧವರು ನಾಡಿನ ಬಾವುಟದ ವಿಷಯದಲ್ಲಿ ಮಾತ್ರ ಏನನ್ನೂ ವಿಚಾರಿಸದಿರುವುದು ಆಶ್ಚರ್ಯಕರ.

ಕೆಲವು ವರ್ಷಗಳ ಹಿಂದೆ ನಾನು ಹೋಗಿದ್ದ ಒಂದು ಸಂಸ್ಥೆಯ ರಾಜ್ಯೋತ್ಸವದಲ್ಲಿ ಕೆಂಪು ಮೇಲೆ, ಹಳದಿ ಕೆಳಗೆ ಬರುವಂತೆ ಬಾವುಟ ಹಾರುತ್ತಿತ್ತು. ಭಾಷಣಗಳು ಮುಗಿದು ಸಿಹಿ ಹಂಚುವವರೆಗೂ ನಮ್ಮಲ್ಲಿ ಯಾರೊಬ್ಬರೂ ಅದನ್ನು ಗಮನಿಸಲಿಲ್ಲ. ಕೊನೆಗೆ ಅದನ್ನು ತೋರಿಸಿಕೊಟ್ಟವನು ಗೋದಾಮಿನ ಒಬ್ಬ ವೃದ್ಧ ಹಮಾಲಿ. ಆ ನಾಚಿಕೆಯಲ್ಲಿ ನನಗೂ ಪಾಲಿದೆ.

ರಾಷ್ಟ್ರಧ್ವಜದ ವಿಷಯದಲ್ಲಿ ಇಂತಹ ಪ್ರಮಾದಕ್ಕೆ ಅವಕಾಶ ಕಡಿಮೆ. ಅದಕ್ಕೆ 2002ರ ಧ್ವಜ ಸಂಹಿತೆಯಿದೆ. 3:2ರ ಪ್ರಮಾಣವೂ 9 ಅಳತೆಗಳೂ ನಿಗದಿಯಾಗಿವೆ. ಖಾದಿ ಧ್ವಜದ ನೂಲು, ನೇಯ್ಗೆ, ಬಣ್ಣಗಳಿಗೆ ಭಾರತೀಯ ಮಾನಕ ಬ್ಯೂರೋದ ಮಾನದಂಡವಿದ್ದು, ಅದರಂತೆ ಧ್ವಜ ತಯಾರಿಸುವ ಕೀರ್ತಿ ನಮ್ಮ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘಕ್ಕೆ ಸಲ್ಲುತ್ತದೆ. 2021ರ ಡಿಸೆಂಬರ್ ತಿದ್ದುಪಡಿಯ ನಂತರ ಯಂತ್ರದಲ್ಲಿ ತಯಾರಿಸಿದ ಹಾಗೂ ಪಾಲಿಯೆಸ್ಟರ್ ಧ್ವಜಗಳಿಗೂ ಅನುಮತಿ ದೊರೆತಿರುವುದು ನಿಜ. ಆದರೂ ಧ್ವಜದ ಸ್ವರೂಪ ಹಾಗೂ ಮರ್ಯಾದೆಯ ನಿಯಮಗಳು ಸಡಿಲಗೊಂಡಿಲ್ಲ.

ಕನ್ನಡ ಬಾವುಟಕ್ಕೆ ಇಂತಹ ಯಾವ ಶಾಸನದ ಬೆಂಬಲವೂ ಇಲ್ಲ. ಅದು ಜನರಿಂದ ಬಂದದ್ದು, ಜನರಲ್ಲಿಯೇ ಉಳಿದದ್ದು. 1960ರ ದಶಕದಲ್ಲಿ ಪತ್ರಕರ್ತರೂ ಕಾದಂಬರಿಕಾರರೂ ಆಗಿದ್ದ ಮ. ರಾಮಮೂರ್ತಿಯವರು ಕನ್ನಡ ಚಳವಳಿಗೆ ಒಂದು ಗುರುತು ಬೇಕೆಂದು ಇದನ್ನು ರೂಪಿಸಿದರು. 1967ರಲ್ಲಿ ಬಾವಿಯ ಮಣ್ಣು ಕುಸಿದು ಇಬ್ಬರು ಮಕ್ಕಳೊಡನೆ ಅವರು ಅಕಾಲ ಮರಣಕ್ಕೆ ತುತ್ತಾದರು. ಮೈಸೂರು ರಾಜ್ಯವು 'ಕರ್ನಾಟಕ'ವೆಂದು ಹೆಸರು ಪಡೆದ 1973ರ ನವೆಂಬರ್ 1ನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಮೇಲಿನ ಹಳದಿ ಅರಿಶಿನವನ್ನೂ ಕೆಳಗಿನ ಕೆಂಪು ಕುಂಕುಮವನ್ನೂ ಸಂಕೇತಿಸುತ್ತವೆ. ಹಳದಿಯಲ್ಲಿ ಶಾಂತಿಯನ್ನೂ ಕೆಂಪಿನಲ್ಲಿ ಕ್ರಾಂತಿಯನ್ನೂ ಕಾಣುವವರಿದ್ದಾರೆ. ಅರ್ಥ ಯಾವುದಾದರೂ ಇರಲಿ, ಮನೆಯ ಹೊಸ್ತಿಲಿನಿಂದ ಎತ್ತಿಕೊಂಡ ಬಣ್ಣಗಳಾದ್ದರಿಂದಲೇ ಅವು ಯಾರ ಅಪ್ಪಣೆಯೂ ಇಲ್ಲದೆ ನಾಡಿನ ಮೂಲೆ ಮೂಲೆಗೂ ತಲುಪಿದವು.

2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವು ಹಳದಿ, ಬಿಳಿ, ಕೆಂಪು ಪಟ್ಟಿಗಳ ನಡುವೆ ಗಂಡಭೇರುಂಡದ ರಾಜ್ಯ ಲಾಂಛನವಿರುವ ನಾಡಧ್ವಜವನ್ನು ಅನಾವರಣಗೊಳಿಸಿ, ಕೇಂದ್ರದ ಒಪ್ಪಿಗೆಯನ್ನು ಕೋರಿತು. ಆ ಒಪ್ಪಿಗೆ ದೊರೆತಿಲ್ಲ. ಆದ್ದರಿಂದ ಮಾರುಕಟ್ಟೆಯಲ್ಲಿ ಎರಡೂ ಬಗೆ ಕಂಡರೂ ಜನರು ರೂಢಿಯಿಂದ ಗೌರವಿಸುತ್ತ ಬಂದಿರುವ ಬಾವುಟ ಹಳದಿ-ಕೆಂಪಿನದೇ ಎಂಬುದನ್ನು ಖರೀದಿದಾರರು ತಿಳಿದಿರಬೇಕು.

ಅಧಿಕೃತ ಮಾನ್ಯತೆಯೇ ಇಲ್ಲದ ಬಾವುಟಕ್ಕೆ ಇಷ್ಟೊಂದು ನಿಯಮವೇಕೆ ಎಂದು ಕೆಲವು ಮಿತ್ರರು ಕೇಳುವುದುಂಟು. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು. ಕಾನೂನು ಕಾಯುವ ವಸ್ತುವನ್ನು ಕೊಳ್ಳುವವನು ಸ್ವಲ್ಪ ಮೈಮರೆತರೂ ನಡೆದೀತು. ಕಾನೂನಿನ ಕಾವಲಿಲ್ಲದ ವಸ್ತುವಿನ ಮರ್ಯಾದೆ ಮಾತ್ರ ಸಂಪೂರ್ಣವಾಗಿ ಕೊಳ್ಳುವವನ ಕೈಯಲ್ಲಿದೆ. ನಾವು ಅಗ್ಗದ್ದನ್ನು ಕೇಳಿದರೆ ಮಾರುಕಟ್ಟೆ ಅಗ್ಗದ್ದನ್ನೇ ಒದಗಿಸುತ್ತದೆ. ಮೊದಲ ಮಳೆಗೆ ಕೆಂಪು ಬಣ್ಣ ಹಳದಿಗೆ ಇಳಿಯುವ, ನವೆಂಬರ್ 2ರಂದು ಚರಂಡಿಯಲ್ಲಿ ಬಿದ್ದಿರುವ ಬಾವುಟಗಳು ನಮ್ಮದೇ ಆದೇಶದ ಫಲ.

ಆದ್ದರಿಂದ ನಮ್ಮ ವಾಣಿಜ್ಯ ಸಂಸ್ಥೆಯು ಒಂದು ಪುಟದ ಖರೀದಿ ಸೂಚನೆಯನ್ನು ಸಿದ್ಧಪಡಿಸಿ ಸದಸ್ಯರಿಗೆ ಕಳುಹಿಸಬೇಕೆಂಬುದು ನನ್ನ ಸಲಹೆ. ಅದರಲ್ಲಿ ಇರಬೇಕಾದುದು ಇಷ್ಟೆ: ಹಳದಿ ಮೇಲೆ, ಕೆಂಪು ಕೆಳಗೆ, ಎರಡೂ ಪಟ್ಟಿಗಳು ಸಮ, ಹತ್ತಿ ಬಟ್ಟೆ, ಬಿಡದ ಬಣ್ಣ, ಸುತ್ತಲೂ ಗಟ್ಟಿ ಹೊಲಿಗೆ. ಪ್ಲಾಸ್ಟಿಕ್ ಬಾವುಟ ಬೇಡ. ಅದನ್ನು ರಾಜ್ಯದಲ್ಲಿ 2016ರಿಂದಲೂ, ದೇಶದಾದ್ಯಂತ 2022ರ ಜುಲೈ 1ರಿಂದಲೂ ನಿಷೇಧಿಸಲಾಗಿದೆ. ರಾಷ್ಟ್ರಧ್ವಜವಿರುವಲ್ಲಿ ನಮ್ಮ ಬಾವುಟ ಅದಕ್ಕಿಂತ ಎತ್ತರದಲ್ಲಾಗಲಿ, ಅದೇ ಕಂಬದಲ್ಲಾಗಲಿ ಇರಕೂಡದು. ಬಿಲ್ಲನ್ನು ತಪ್ಪದೆ ಪಡೆಯಬೇಕು, ಜಿ.ಎಸ್.ಟಿ. ವಿನಾಯಿತಿಯು ರಾಷ್ಟ್ರಧ್ವಜಕ್ಕೆ ಮಾತ್ರ ಅನ್ವಯಿಸುತ್ತದೆ, ಕನ್ನಡ ಬಾವುಟಕ್ಕಲ್ಲ ಎಂಬುದನ್ನು ಮಾರುವವರೂ ಕೊಳ್ಳುವವರೂ ನೆನಪಿಡಬೇಕು.

ಆದೇಶವನ್ನು ಅಕ್ಟೋಬರ್ ಅಂತ್ಯದ ಬದಲು ಆಗಸ್ಟ್ ತಿಂಗಳಲ್ಲಿಯೇ ನೀಡಿದರೆ ನಮ್ಮ ಊರಿನ ದರ್ಜಿಗಳಿಗೂ ಮಹಿಳಾ ಸ್ವಸಹಾಯ ಸಂಘಗಳಿಗೂ ಹೊಲಿಯಲು ಸಮಯ ಸಿಗುತ್ತದೆ. ಹತ್ತಿಯ ಬಾವುಟಕ್ಕೆ ಬೆಲೆ ಹೆಚ್ಚೆಂಬುದು ನಿಜ. ಆದರೆ ಒಗೆದು, ಮಡಿಸಿ ಬೀರುವಿನಲ್ಲಿಟ್ಟರೆ ಅದು ಹಲವು ರಾಜ್ಯೋತ್ಸವಗಳಿಗೆ ಬರುತ್ತದೆ. ವರ್ಷಕ್ಕೆ ಬೀಳುವ ಖರ್ಚನ್ನು ಲೆಕ್ಕ ಹಾಕಿದರೆ ಅದೇ ಅಗ್ಗ. 100 ಕಳಪೆ ಬಾವುಟಗಳ ಬದಲು 10 ಒಳ್ಳೆಯ ಬಾವುಟಗಳು ಸಾಕು.

ಮುಂದಿನ ವರ್ಷದ ವೋಚರಿನಲ್ಲಿ 'ಬಾವುಟ 100' ಎಂಬುದರ ಬದಲು ಬಟ್ಟೆ, ಅಳತೆ, ಹೊಲಿದವರ ಹೆಸರು ಕಂಡರೆ ಪರಿಶೋಧಕನಾಗಿ ಮಾತ್ರವಲ್ಲ, ಕನ್ನಡಿಗನಾಗಿಯೂ ಸಂತೋಷದಿಂದ ಸಹಿ ಹಾಕುತ್ತೇನೆ.